ಸತ್ತವರನ್ನು ಕಳಿಸಿಕೊಡುವ ಹುಡುಗಿ

ಎದೆಗೆ ಅಡ್ಡಲಾಗಿ ಒಂದು ಚರ್ಮದ ಪಟ್ಟಿ. ಅದರಲ್ಲಿ ಏಳು ಚೀಲ, ಚೀಲಕ್ಕೊಂದು ಕೈಗಂಟೆ. ಹೊರಗೆ ಕಾಣುವುದು ಮರದ ಹಿಡಿ ಮಾತ್ರ. ಗಂಟೆಯ ನಾಲಗೆ ಅಪ್ಪಿತಪ್ಪಿಯೂ ಅಲುಗಬಾರದೆಂದು ಒಳಗೆ ಬಿಗಿಯಾಗಿ ಹಿಡಿದಿಟ್ಟಿರುತ್ತಾರೆ. ಎಲ್ಲಕ್ಕಿಂತ ಚಿಕ್ಕದರ ಹೆಸರು ರಾನ್ನಾ. ಅದು ಕೇಳಿದವರಿಗೆ ನಿದ್ದೆ ಬರಿಸುತ್ತದೆ. ಎರಡನೆಯದು ಮೊಸ್ರೇಲ್, ಸತ್ತವರನ್ನು ಎಬ್ಬಿಸುವಂಥದ್ದು. ಆದರೆ ಬಾವಿಯ ಏತದ ಹಾಗೆ, ಆ ತುದಿಯಲ್ಲಿ ಸತ್ತವನು ಮೇಲೆದ್ದಷ್ಟೂ ಈ ತುದಿಯಲ್ಲಿ ಬಾರಿಸಿದವನು ಸಾವಿನೊಳಕ್ಕೆ ಇಳಿಯುತ್ತಾನೆ. ಕಿಬೆತ್ ಸತ್ತವರನ್ನು ನಡೆಸುತ್ತದೆ. ಕೈ ಸಡಿಲಾದರೆ ಬಾರಿಸಿದವರನ್ನೇ ನಡೆಸಿಕೊಂಡು ಹೋಗುತ್ತದೆ. ಡಿರಿಮ್ ಮಾತು ಕೊಡುತ್ತದೆ, ಕಸಿಯಲೂ ಬಲ್ಲದು. ಬೆಲ್ಗೇರ್ ನೆನಪು ಮರಳಿಸುತ್ತದೆ, ಒರೆಸಿ ಹಾಕಲೂ ಬಲ್ಲದು. ಸರನೆತ್ ಕಟ್ಟಿಹಾಕುತ್ತದೆ. ಏಳನೆಯದೂ ದೊಡ್ಡದೂ ಆದ ಅಸ್ಟರೇಲ್ ತನ್ನ ದನಿ ಕಿವಿಗೆ ಬಿದ್ದ ಪ್ರತಿಯೊಬ್ಬರನ್ನೂ ಸಾವಿಗೆ ಅಟ್ಟುತ್ತದೆ. ಬಾರಿಸಿದವರಿಗೂ ಅದರಲ್ಲಿ ವಿನಾಯಿತಿಯಿಲ್ಲ.

ಈ ಗಂಟೆಗಳು ಬಂದು ಸೇರುವುದು 18 ವರ್ಷದ ಒಬ್ಬ ಹುಡುಗಿಯ ಕೈಗೆ. ಹಾಸ್ಟೆಲಿನಲ್ಲಿದ್ದು ಓದುತ್ತಿರುವವಳು, ಇನ್ನೇನು ಶಾಲೆ ಮುಗಿಸಲಿರುವವಳು. ಹೆಸರು ಸೇಬ್ರಿಯಲ್. ಅವಳ ಹೆಸರನ್ನೇ ಹೊತ್ತ ಕಾದಂಬರಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾದದ್ದು 1995ರಲ್ಲಿ. ಆ ವರ್ಷದ ಆರಿಯಾಲಿಸ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಫ್ಯಾಂಟಸಿ ಮತ್ತು ಹದಿಹರೆಯದವರ ಅತ್ಯುತ್ತಮ ಕಾದಂಬರಿ, ಎರಡೂ ಅದಕ್ಕೇ ಸಂದವು. ಬರೆದವರು ಗಾರ್ತ್ ನಿಕ್ಸ್. 1963ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ ಕ್ಯಾನ್‌ಬೆರಾದಲ್ಲಿ ಬೆಳೆದವರು. ಪುಸ್ತಕದಂಗಡಿ, ಪ್ರಕಾಶನ ಸಂಸ್ಥೆಗಳಲ್ಲಿ ದುಡಿದವರು. ನಡುವೆ ಆಸ್ಟ್ರೇಲಿಯಾ ಸೇನೆಯ ಮೀಸಲು ಪಡೆಯಲ್ಲೂ ಇದ್ದವರು. ಈ ಕೊನೆಯ ವಿವರಕ್ಕೆ ಮುಂದೆ ಕೆಲಸವಿದೆ.

ಹ್ಯಾರಿ ಪಾಟರ್ ಬರಲು ಇನ್ನೂ ಎರಡು ವರ್ಷವಿತ್ತು. ಮಾಂತ್ರಿಕ ಲೋಕದ ಕತೆಗಳು ಇಂದಿನ ಹಾಗೆ ಅಂಗಡಿಯ ಮುಂಗಟ್ಟನ್ನೆಲ್ಲ ಆವರಿಸಿರದ ಕಾಲ ಅದು. ಹದಿಹರೆಯದವರಿಗೆಂದು ಬರೆದ ಪುಸ್ತಕದ ತುಂಬ ಹೆಣಗಳನ್ನು ಎಬ್ಬಿಸಿ ನಡೆದಾಡಿಸುವುದು ಧೈರ್ಯದ ಕೆಲಸವೇ ಆಗಿತ್ತು. ಆಮೇಲೆ ಇಂಗ್ಲಿಷಿನಲ್ಲಿ ದೆವ್ವಗಳ ಸುಗ್ಗಿಯೇ ಆಯಿತು. ಜೊನಾಥನ್ ಸ್ಟ್ರೌಡ್ ಅವರ ‘ಲಾಕ್‌ವುಡ್ ಆ್ಯಂಡ್ ಕೋ’ ಸರಣಿಯಲ್ಲಿ ಲಂಡನ್ನಿನ ಮಕ್ಕಳು ಕತ್ತಿ, ಉಪ್ಪು, ಕಬ್ಬಿಣದ ಸರಪಳಿ ಹಿಡಿದು ದೆವ್ವ ಹಿಡಿಯುವ ಕಂಪನಿಯನ್ನೇ ನಡೆಸುತ್ತಾರೆ. ಓದಲು ಬಲು ಮಜವಾದ ಪುಸ್ತಕಗಳವು. ಆದರೂ ಸತ್ತವರು ಯಾಕೆ ತಿರುಗಿ ಬರುತ್ತಾರೆ, ಬಂದವರನ್ನು ಏನು ಮಾಡಬೇಕು ಎಂಬುದನ್ನು ಒಂದು ಕಸುಬಿನಷ್ಟು ಗಂಭೀರವಾಗಿ ಯೋಚಿಸಿದ್ದು ನಿಕ್ಸ್ ಎಂದೇ ನನಗನಿಸುತ್ತದೆ.

ಕತೆ ನಡೆಯುವುದು ಎರಡು ದೇಶಗಳಲ್ಲಿ. ನಡುವೆ ಒಂದು ಗೋಡೆ. ದಕ್ಷಿಣದಲ್ಲಿ ಏನ್ಸೆಲ್‌ಸ್ಟಿಯರ್; ಮೊದಲ ಮಹಾಯುದ್ಧದ ಹೊತ್ತಿನ ಇಂಗ್ಲೆಂಡನ್ನು ಹೋಲುವ ನಾಡು. ಕರೆಂಟಿದೆ, ಕಾರಿದೆ, ಬಸ್ಸಿದೆ, ಹೆಣ್ಣುಮಕ್ಕಳ ವಸತಿ ಶಾಲೆಗಳಿವೆ. ಉತ್ತರದಲ್ಲಿ ಹಳೆಯ ರಾಜ್ಯ. ಅಲ್ಲಿ ಮಂತ್ರವಿದ್ಯೆ ನಡೆಯುತ್ತದೆ, ಯಂತ್ರ ನಡೆಯುವುದಿಲ್ಲ. ದಕ್ಷಿಣದಲ್ಲಿ ನಡುಮಧ್ಯಾಹ್ನದ ಬಿಸಿಲಿದ್ದರೆ ಗೋಡೆಯಾಚೆ ಮೋಡ ಮುಚ್ಚಿದ ಮುಸ್ಸಂಜೆ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಒಂದು ಫೋಟೊದಲ್ಲಿ ಈಚೆಗೆ ಹಸಿರು ಹುಲ್ಲು, ಆಚೆಗೆ ಹಿಮ ಕಂಡದ್ದು ಈ ಕಲ್ಪನೆಗೆ ಮೂಲ ಎಂದು ನಿಕ್ಸ್ ಹೇಳಿಕೊಂಡಿದ್ದಾರೆ.

ಗೋಡೆಯ ದಕ್ಷಿಣದ ಅಂಚಿನುದ್ದಕ್ಕೂ ಸೇನೆ ಬೀಡುಬಿಟ್ಟಿದೆ. ಮುಳ್ಳುತಂತಿ, ಕಂದಕ, ಕಾವಲುಗೂಡು ಎಲ್ಲ ಉಂಟು. ಆದರೆ ಉತ್ತರದಿಂದ ಗಾಳಿ ಬೀಸಿದ ದಿನ ಬಂದೂಕು ಹಾರುವುದಿಲ್ಲ, ಮೋಟಾರು ಕೆಮ್ಮಿ ನಿಲ್ಲುತ್ತದೆ, ಫೋನು ಸತ್ತು ಕೂರುತ್ತದೆ. ಹೀಗಾಗಿ ಇಲ್ಲಿನ ಸಿಪಾಯಿ ಖಾಕಿ ಅಂಗಿಯ ಮೇಲೆ ಕಬ್ಬಿಣದ ಬಳೆಗಳ ಕವಚ ತೊಟ್ಟು, ಬಂದೂಕಿನ ಜತೆಗೆ ಕತ್ತಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ರಾಜಧಾನಿಯ ಅಧಿಕಾರಿಗಳು ಇದನ್ನೆಲ್ಲ ನಂಬುವುದಿಲ್ಲ. ಅವರ ಪ್ರಕಾರ ಗಡಿಯವರದ್ದು ಮೂಢನಂಬಿಕೆ. ಗಡಿಯಲ್ಲಿ ನಿಂತವನಿಗೆ ಒಂದು ಗೊತ್ತು, ಊರಲ್ಲಿ ಕುರ್ಚಿಯಲ್ಲಿ ಕೂತು ಆದೇಶ ಬರೆಯುವವನಿಗೆ ಇನ್ನೊಂದು ಗೊತ್ತು. ಈ ಬಿಕ್ಕಟ್ಟನ್ನು ನಿಕ್ಸ್ ತೀರ ಸಹಜವಾಗಿ ಬರೆಯುತ್ತಾರೆ. ಪಡೆಯಲ್ಲಿದ್ದು ಬಂದವರ ಅನುಭವ ಕೆಲಸ ಮಾಡಿರುವುದು ಇಲ್ಲಿ.

ಆ ಗಡಿಯಲ್ಲಿ ಗಾಳಿಕೊಳಲುಗಳಿವೆ. ಅಲ್ಲಿ ಸತ್ತ ಸೈನಿಕರು ಎದ್ದು ಬರದಿರಲೆಂದು ಸೇಬ್ರಿಯಲಳ ತಂದೆ ನೆಟ್ಟ ಕೊಳಲುಗಳವು. ನೆಟ್ಟವನು ಸತ್ತರೆ ಮುಂದಿನ ಹುಣ್ಣಿಮೆಗೆ ಅವುಗಳ ಶಕ್ತಿ ಮುಗಿಯುತ್ತದೆ. ದೊಡ್ಡ ಕಾದಂಬರಿಯೊಂದರಲ್ಲಿ ಇದು ಸಣ್ಣ ವಿವರ. ಆದರೆ ತಂದೆ ಬದುಕಿದ್ದಾನೋ ಇಲ್ಲವೋ ಎಂಬ ಮಗಳ ಚಿಂತೆಗೂ ಗಡಿಯ ಸಿಪಾಯಿಗಳ ಜೀವಕ್ಕೂ ಅದೊಂದೇ ಗಂಟು ಹಾಕಿಬಿಡುತ್ತದೆ.

ತಂದೆಯನ್ನು ಎಲ್ಲರೂ ಕರೆಯುವುದು ಅಬ್ಹಾರ್ಸನ್ ಎಂದು. ಅದು ಹೆಸರಲ್ಲ, ಹುದ್ದೆ. ಸತ್ತವರನ್ನು ಎಬ್ಬಿಸಿ ದುಡಿಸಿಕೊಳ್ಳುವ ಮಾಂತ್ರಿಕರು ಹಳೆಯ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಅಬ್ಹಾರ್ಸನ್ನನ ವಿದ್ಯೆಯೂ ಅದೇ, ಗಂಟೆಗಳೂ ಅವೇ. ಅವನ ಕೆಲಸ ಮಾತ್ರ ತಿರುವುಮುರುವು. ಎದ್ದವರನ್ನು ಮಲಗಿಸುವುದು, ಹೋಗಲೊಲ್ಲದವರನ್ನು ಕಳಿಸಿಕೊಡುವುದು. ಒಂದೇ ಗಂಟೆ ಕಟ್ಟಲೂ ಬರುತ್ತದೆ, ಬಿಡಿಸಲೂ ಬರುತ್ತದೆ. ಕೆಟ್ಟವನ ಕೈಯಲ್ಲಿ ಕಪ್ಪು ದಂಡ, ಒಳ್ಳೆಯವನ ಕೈಯಲ್ಲಿ ಬಿಳಿ ದಂಡ ಎಂಬ ಅಗ್ಗದ ಏರ್ಪಾಡು ಇಲ್ಲಿಲ್ಲ.

ಇದನ್ನು ನಿಕ್ಸ್ ಮೊದಲ ಅಧ್ಯಾಯದಲ್ಲೇ ಒಂದು ಮೊಲದ ಮೂಲಕ ತೋರಿಸುತ್ತಾರೆ. ಶಾಲೆಯ ಪುಟ್ಟ ಹುಡುಗಿಯೊಬ್ಬಳ ಸಾಕುಮೊಲ ಕಾರಿನ ಚಕ್ರಕ್ಕೆ ಸಿಕ್ಕಿ ಸತ್ತಿದೆ. ಮಗು ಅಳುತ್ತ ಬಂದು ಸೇಬ್ರಿಯಲಳ ಮುಂದೆ ನಿಲ್ಲುತ್ತದೆ. ಹೀಗೆ ಮಾಡಬಾರದು ಎಂಬುದು ಸೇಬ್ರಿಯಲಳಿಗೆ ಚೆನ್ನಾಗಿ ಗೊತ್ತು. ಆದರೂ ಕಣ್ಣು ಮುಚ್ಚಿ ಸಾವಿನೊಳಗೆ ಕೈಯಿಟ್ಟು ಮೊಲವನ್ನು ಎಳೆದು ತರುತ್ತಾಳೆ. ಮೊಲ ಕುಪ್ಪಳಿಸಿಕೊಂಡು ಓಡುತ್ತದೆ. ಓದುಗನಿಗೆ ಹಿತವಾದ ದೃಶ್ಯವೇ. ಆದರೆ ಆ ಹಿತದಲ್ಲೇ ಒಂದು ಮುಳ್ಳಿದೆ. ಮೊಲವನ್ನು ತಂದವಳು ನಾಳೆ ತಂದೆಯನ್ನು ತರದೆ ಬಿಟ್ಟಾಳೆಯೇ? ಎರಡರ ನಡುವೆ ಗೆರೆ ಎಳೆಯುವವರು ಯಾರು? ಇಡೀ ಕಾದಂಬರಿ ಈ ಪ್ರಶ್ನೆಯ ಬೆನ್ನಿಗೇ ಹೋಗುತ್ತದೆ.

ಸತ್ತು ಎದ್ದವರಲ್ಲೂ ಜಾತಿಗಳಿವೆ. ಒಬ್ಬನ ಹೆಣದೊಳಗೆ ಇನ್ನಾರದೋ ಪ್ರಾಣ ತುರುಕಿ ಎಬ್ಬಿಸಿದರೆ ಅವನು ಆಳು. ಹೇಳಿದ್ದನ್ನು ಮಾಡುತ್ತಾನೆ, ಮಾಂಸ ಕಳಚಿ ಬೀಳುವವರೆಗೆ. ಮಾಂಸ ಪೂರ್ತಿ ಹೋದ ಮೇಲೆ ಉಳಿದದ್ದು ನೆರಳು. ಒಂದೇ ಪ್ರಾಣವನ್ನು ಚೂರುಚೂರು ಮಾಡಿ ಸತ್ತ ಕಾಗೆಗಳ ಹಿಂಡಿಗೇ ಹಂಚಿದರೆ ಅವು ಆಕಾಶದಿಂದ ಬೇಹು ನಡೆಸುತ್ತವೆ. ಜೌಗಿನ ಮಣ್ಣಿಗೆ ಮನುಷ್ಯನ ರಕ್ತ ಬೆರೆಸಿ ಮೈ ಮಾಡಿ, ಅದರಲ್ಲಿ ಪ್ರಾಣ ಕೂರಿಸಿದರೆ ಮಾರ್ಡಿಕಂಟ್. ಇದು ಕಲ್ಲನ್ನೂ ತೂರಿಕೊಂಡು ಬರುತ್ತದೆ. ಇವರೆಲ್ಲರಿಗೂ ಹರಿಯುವ ನೀರೆಂದರೆ ಆಗದು. ಸೇಬ್ರಿಯಲ್ ಆಶ್ರಯ ಪಡೆಯುವ ಅಬ್ಹಾರ್ಸನ್ ಮನೆ ಇರುವುದು ನದಿಯ ನಡುವೆ, ಜಲಪಾತದ ಅಂಚಿನಲ್ಲಿ. ಅದನ್ನು ಮುಟ್ಟಲು ಶತ್ರುಗಳು ಹೂಡುವ ಉಪಾಯ ನೋಡಿ: ಗೋರಿಯ ಮಣ್ಣನ್ನು ಪೆಟ್ಟಿಗೆಗಳಿಗೆ ತುಂಬಿಸಿ, ಗುಲಾಮರಿಂದ ಹೊರಿಸಿ, ನೀರಿನ ಮೇಲೆ ಒಂದೊಂದಾಗಿ ಇಡಿಸುತ್ತಾರೆ. ಗೋರಿಯ ಮಣ್ಣಿನ ಮೇಲಾದರೆ ಸತ್ತವರು ನಡೆದಾರು. ಹೊರುವವರು ಬದುಕಿರುವ ಮನುಷ್ಯರು. ಹೆಣಗಳಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಆ ಪೆಟ್ಟಿಗೆ ಹೊರುವವರ ಸಾಲು.

ಚಂದಮಾಮ ಓದಿ ಬೆಳೆದವರಿಗೆ ಇದು ತೀರ ಅಪರಿಚಿತವೇನಲ್ಲ. ಬೇತಾಳ ಮಾಡುವುದೂ ಇದನ್ನೇ ಅಲ್ಲವೇ? ಮಸಣದ ಮರಕ್ಕೆ ನೇತಾಡುವ ಯಾರದೋ ಹೆಣದೊಳಗೆ ಹೊಕ್ಕು ಕೂರುವುದು. 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಆ ಹೆಣವನ್ನು ತರಲು ರಾಜನನ್ನು ಕಳಿಸುವ ಭಿಕ್ಷು ಕ್ಷಾಂತಿಶೀಲ ಇದ್ದಾನಲ್ಲ, ಅವನೂ ಅಪ್ಪಟ ಪ್ರೇತಮಾಂತ್ರಿಕನೇ. ರಾಜನನ್ನೇ ಬಲಿಗೊಟ್ಟು ಸಿದ್ಧಿ ಪಡೆಯುವ ಲೆಕ್ಕ ಅವನದು. ಕೊನೆಗೆ ತಲೆ ಹೋಗುವುದು ಅವನದೇ. ಆದರೆ ನಮ್ಮ ಬೇತಾಳ ವಾಚಾಳಿ. ಕತೆ ಹೇಳುತ್ತದೆ, ನ್ಯಾಯ ಕೇಳುತ್ತದೆ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದೀತು ಎಂದು ಗದರಿಸುತ್ತದೆ, ಕೊನೆಗೆ ಬದುಕುವ ಉಪಾಯವನ್ನೂ ತಾನೇ ಹೇಳಿಕೊಡುತ್ತದೆ. ಅದರ ಜತೆ ಒಂದು ರಾತ್ರಿ ಕಳೆಯಬಹುದು. ನಿಕ್ಸ್ ಅವರ ಸತ್ತವರ ಬಳಿ ಕತೆಯಿಲ್ಲ. ಬಹುಪಾಲು ಮಂದಿಗೆ ಹೆಸರೂ ಉಳಿದಿಲ್ಲ. ಅವರಲ್ಲಿ ಉಳಿದಿರುವುದು ಬದುಕಿನ ಹಸಿವೊಂದೇ, ಅದು ತೀರುವುದು ಇನ್ನೊಬ್ಬರ ಪ್ರಾಣ ಹೀರಿದಾಗ.

ಹಾಗಾದರೆ ಸಾವು ಎಂದರೆ ಈ ಪುಸ್ತಕದಲ್ಲಿ ಏನು? ಒಂದು ನದಿ. ಮೊಣಕಾಲ ಮಟ್ಟದ ನೀರು, ಮೂಳೆ ಕೊರೆಯುವ ಚಳಿ, ಬಣ್ಣವೇ ಇಲ್ಲದ ಬೆಳಕು. ನಿಂತವರ ಕಾಲನ್ನು ಸೆಳೆತ ಸದಾ ಜಗ್ಗುತ್ತಲೇ ಇರುತ್ತದೆ. ಒಂಬತ್ತು ಬಾಗಿಲುಗಳು, ಒಂದೊಂದು ಬಾಗಿಲ ಹಿಂದೆ ಒಂದೊಂದು ಬಗೆಯ ನೀರು. ಮೊದಲನೆಯದು ಮಂಜು ಕವಿದ ಜಲಪಾತ, ಎರಡನೆಯದು ಸುಳಿ. ಒಂಬತ್ತನೆಯದು ನಕ್ಷತ್ರ ತುಂಬಿದ ಆಕಾಶ. ತಲೆಯೆತ್ತಿ ನೋಡಿದವರು ಮತ್ತೆ ತಿರುಗಿ ಬರುವುದಿಲ್ಲ. ಸೇಬ್ರಿಯಲ್ ಈ ನದಿಗೆ ಇಳಿದಾಗ ಅವಳ ದೇಹ ಇತ್ತ ಬದುಕಿನಲ್ಲೇ ನಿಂತಿರುತ್ತದೆ, ಮೈಮೇಲೆ, ಬಟ್ಟೆಯ ಮೇಲೆ ಮಂಜುಗಟ್ಟಿಕೊಂಡು. ಯಾರಾದರೂ ಆ ದೇಹವನ್ನು ಕಾಯುತ್ತಿರಬೇಕು.

ಫ್ಯಾಂಟಸಿಯಲ್ಲಿ ಸಾವಿನ ನಾಡಿಗೆ ಒಂದು ಪರಂಪರೆಯೇ ಇದೆ. ಅರ್ಸುಲಾ ಲೆ ಗುವಿನ್ ಅವರ ‘ದ ಫಾರ್ದೆಸ್ಟ್ ಶೋರ್’ (1972) ಕಾದಂಬರಿಯಲ್ಲಿ ಅದು ಒಣನಾಡು. ಕಲ್ಲಿನ ತಗ್ಗು ಗೋಡೆಯಾಚೆ ಸತ್ತವರು ಒಬ್ಬರನ್ನೊಬ್ಬರು ಗುರುತಿಸದೆ ಸುಮ್ಮನೆ ನಿಂತಿರುತ್ತಾರೆ. ಸುಮಾರು ಮೂವತ್ತು ವರ್ಷದ ಮೇಲೆ ‘ದಿ ಅದರ್ ವಿಂಡ್’ನಲ್ಲಿ ಆಕೆಯೇ ಆ ಗೋಡೆಯನ್ನು ಕೆಡವಿಸಿದರು. ಫಿಲಿಪ್ ಪುಲ್‌ಮನ್ ತಮ್ಮ ‘ದಿ ಆ್ಯಂಬರ್ ಸ್ಪೈಗ್ಲಾಸ್’ (2000) ಕಾದಂಬರಿಯಲ್ಲಿ ಸತ್ತವರ ಸೆರೆಮನೆಗೆ ಕಿಂಡಿ ಕೊರೆದು ಅವರನ್ನು ಗಾಳಿ ಬೆಳಕಿಗೆ ಬಿಟ್ಟರು. ಈ ಇಬ್ಬರಿಗೂ ಸಾವಿನ ನಾಡು ಒಂದು ಅನ್ಯಾಯ, ಅದನ್ನು ಸರಿಪಡಿಸಬೇಕು. ನಿಕ್ಸ್ ಅವರಲ್ಲಿ ನದಿಯ ಮೇಲೆ ದೂರಿಲ್ಲ. ಹರಿಯುವುದು ಅದರ ಗುಣ. ತೊಂದರೆಯಿರುವುದು ಹರಿವಿಗೆ ಅಡ್ಡ ನಿಂತವರಲ್ಲಿ, ಅವರು ಸತ್ತವರಿರಲಿ ಬದುಕಿದವರಿರಲಿ.

ಬದುಕಿದವರೂ ಅಡ್ಡ ನಿಲ್ಲುತ್ತಾರೆ ಎಂಬಲ್ಲಿಯೇ ಪುಸ್ತಕದ ತಿರುಳಿರುವುದು. ಸೇಬ್ರಿಯಲ್ ಹುಟ್ಟುವಾಗಲೇ ಸತ್ತ ಕೂಸು; ತಂದೆ ಸಾವಿನ ನದಿಗಿಳಿದು ಎತ್ತಿ ತಂದದ್ದರಿಂದ ಬದುಕಿದವಳು. ಐದನೆಯ ವಯಸ್ಸಿಗೆ ಗೋಡೆಯೀಚೆ ಶಾಲೆಗೆ ಸೇರಿದಳು. ಅಪ್ಪ ಅಮಾವಾಸ್ಯೆಗೊಮ್ಮೆ ಛಾಯೆಯಾಗಿ ಬಂದು ಮಾತಾಡಿಸಿ ಹೋಗುತ್ತಿದ್ದ. ಒಂದು ಅಮಾವಾಸ್ಯೆ ಅಪ್ಪನ ಬದಲು ಅವನ ಕತ್ತಿ, ಗಂಟೆಪಟ್ಟಿ ಬಂದವು. ಅವನನ್ನು ಹುಡುಕಿ ಅವಳು ಗೋಡೆ ದಾಟುತ್ತಾಳೆ. ಕಾಡು ಮೇಡು ಅಲೆದು, ಪಾಳುಬಿದ್ದ ರಾಜಧಾನಿಯ ನೆಲದಡಿಯ ಜಲಾಶಯದಲ್ಲಿ ಅವನ ದೇಹವನ್ನು ಕಾಣುತ್ತಾಳೆ, ಸಾವಿನೊಳಗೆ ಅವನ ಪ್ರಾಣವನ್ನೂ ಕಾಣುತ್ತಾಳೆ. ಇಷ್ಟಾದ ಮೇಲೆ ಸಾಮಾನ್ಯ ಕಾದಂಬರಿಯಾಗಿದ್ದರೆ ಅಪ್ಪ ಎದ್ದು ಕೂರಬೇಕಿತ್ತು. ಇಲ್ಲಿ ಅವನು ಬರುವುದು ಎಣಿಸಿಟ್ಟ ಎದೆಬಡಿತಗಳಷ್ಟು ಹೊತ್ತಿಗೆ ಮಾತ್ರ. ಸಾವಿನಲ್ಲಿ ಅವನು ಬಹಳ ಕಾಲ ಉಳಿದುಬಿಟ್ಟಿದ್ದ, ಸಲ್ಲಬೇಕಾದದ್ದು ಸಲ್ಲಲೇಬೇಕು. ಆ ಬಡಿತಗಳನ್ನು ಅವನು ಮಗಳನ್ನು ಅಪ್ಪಿಕೊಳ್ಳಲು ಪೂರ್ತಿ ಖರ್ಚು ಮಾಡುವಂತಿಲ್ಲ. ಅವಳನ್ನೂ ಅವಳ ಜತೆಗಾರನನ್ನೂ ಹೊರಗೆ ಓಡಿಸಿ, ತಾನು ಏಳನೆಯ ಗಂಟೆಯನ್ನು ಎತ್ತಿಕೊಳ್ಳುತ್ತಾನೆ.

ಮೊದಲ ಅಧ್ಯಾಯದ ಮೊಲಕ್ಕೆ ಸಿಕ್ಕಿದ ರಿಯಾಯಿತಿ ಅಪ್ಪನಿಗೆ ಸಿಗುವುದಿಲ್ಲ. ಹದಿನೈದು ಹದಿನಾರರ ಓದುಗರಿಗೆ ಇಷ್ಟು ನಿಷ್ಠುರವಾಗಿ ಲೆಕ್ಕ ಒಪ್ಪಿಸುವ ಲೇಖಕರು ಕಡಿಮೆ.

ಕರಾವಳಿಯವರು ಈ ಭಾಗ ಓದಿದರೆ ಬಹುಶಃ ಒಪ್ಪಲಾರರು. ತುಳುನಾಡಿನಲ್ಲಿ ಕುಲೆಗಳನ್ನು, ಅಂದರೆ ಸತ್ತವರ ಪ್ರೇತಗಳನ್ನು, ಹೀಗೆ ಅಟ್ಟಿಬಿಡುವ ಪದ್ಧತಿಯಿಲ್ಲ. ಆಟಿ ತಿಂಗಳಲ್ಲಿ ಅವರಿಗೆ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ವರ್ಷಗಳ ನಂತರ ಪ್ರೇತಮದುವೆ ಮಾಡುತ್ತಾರೆ. ಎರಡೂ ಕಡೆಯವರು ಸಂಬಂಧ ನೋಡಿ, ಮಾತುಕತೆಯಾಡಿ, ಸೀರೆ ಪಂಚೆ ತಂದು, ಬಂದವರಿಗೆ ಊಟ ಹಾಕಿ, ಬದುಕಿದವರ ಮದುವೆಯ ಹಾಗೆಯೇ ನಡೆಸುತ್ತಾರೆ. ಹೋದ ಮಗ ಹೋದಲ್ಲೇ ದೊಡ್ಡವನಾಗುತ್ತಾನೆ, ಮದುವೆಯ ವಯಸ್ಸಿಗೆ ಬರುತ್ತಾನೆ, ಆಗ ಮನೆಯವರಿಗೆ ಕಾಟ ಕೊಟ್ಟು ನೆನಪಿಸುತ್ತಾನೆ ಎಂಬುದು ನಂಬಿಕೆ. ಅಲ್ಲಿ ನೆಮ್ಮದಿಯಿಲ್ಲದ ಸತ್ತವರು ಎಂದರೆ ಬಾಕಿಯಿರುವ ನೆಂಟರು. ನಿಕ್ಸ್ ಅವರ ಲೋಕದಲ್ಲಿ ಆ ನೆಂಟಸ್ತನಕ್ಕೆ ಜಾಗವೇ ಇಲ್ಲ: ಹೆಣವನ್ನು ಸುಡು, ಇಲ್ಲದಿದ್ದರೆ ಯಾರೋ ಬಳಸಿಕೊಳ್ಳುತ್ತಾರೆ. ನನಗೆ ಇದು ಕಾದಂಬರಿಯ ಶಕ್ತಿಯೂ ಹೌದು, ಕೊರತೆಯೂ ಹೌದು. ಕಾವಲುಗಾರರ ಕಣ್ಣಲ್ಲಿ ಸಾವನ್ನು ಇಷ್ಟು ಚೆನ್ನಾಗಿ ಕಂಡ ಪುಸ್ತಕದಲ್ಲಿ ಹಿಂದೆ ಉಳಿದ ಮನೆಯವರು ಏನು ಮಾಡುತ್ತಾರೆ ಎಂಬುದು ಎಲ್ಲೂ ಬರುವುದಿಲ್ಲ.

ಕೊರತೆಗಳು ಇನ್ನೂ ಇವೆ. ಸುಮಾರು ಇನ್ನೂರು ವರ್ಷ ಹಡಗಿನ ಮೂತಿಯ ಮರದ ಬೊಂಬೆಯಾಗಿ ಸೆರೆಯಲ್ಲಿದ್ದ ಟಚ್‌ಸ್ಟೋನ್ ಎಂಬ ತರುಣನಿಗೂ ಸೇಬ್ರಿಯಲಳಿಗೂ ಹುಟ್ಟುವ ಪ್ರೀತಿ ಅವಸರದ್ದು. ಖಳ ಕೆರಿಗೋರ್ ಹಿಂದೊಮ್ಮೆ ರಾಜಕುಮಾರ, ತಾಯಿಯನ್ನೂ ಅಕ್ಕತಂಗಿಯರನ್ನೂ ಕೊಂದವನು. ಆದರೂ ಅವನಿಗಿಂತ ಮೊಗೆಟ್ ಎಂಬ ಬಿಳಿ ಬೆಕ್ಕೇ ಹೆಚ್ಚು ನೆನಪಲ್ಲುಳಿಯುತ್ತದೆ. ಕೊರಳ ಕೆಂಪು ಪಟ್ಟಿಯಲ್ಲಿ ಪುಟ್ಟ ಸರನೆತ್ ಗಂಟೆ, ಬಾಯಲ್ಲಿ ಸದಾ ಕೊಂಕು, ಮೀನೆಂದರೆ ಪ್ರಾಣ. ಪಟ್ಟಿ ಬಿಚ್ಚಿದರೆ ಮಾತ್ರ ಬೆಕ್ಕು ಬೆಕ್ಕಾಗಿ ಉಳಿಯುವುದಿಲ್ಲ. ಎದುರಿಗಿರುವ ಅಬ್ಹಾರ್ಸನ್ನನನ್ನು ಕೊಲ್ಲಲು ನೋಡುತ್ತದೆ. ಇಂಗ್ಲಿಷ್ ಆಡಿಯೊ ಪುಸ್ತಕವನ್ನು ನಟ ಟಿಮ್ ಕರಿ ಓದಿದ್ದಾರೆ. ಆ ಬೆಕ್ಕಿನ ಸೋಮಾರಿ ದನಿಗೆಂದೇ ಒಮ್ಮೆ ಕೇಳಬಹುದು.

2001ರಲ್ಲಿ ಬಂದ ಎರಡನೆಯ ಕಾದಂಬರಿ ‘ಲಿರಾಯೆಲ್’ ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಒಂದು ತೂಕ ಹೆಚ್ಚು. ಭವಿಷ್ಯ ಕಾಣುವ ಹೆಂಗಸರೇ ತುಂಬಿದ ಹಿಮಬೆಟ್ಟದ ಕುಟುಂಬದಲ್ಲಿ ಆ ದೃಷ್ಟಿ ಬಾರದೆ ಉಳಿದ, 14 ತುಂಬಿದ ಒಂಟಿ ಹುಡುಗಿ ಲಿರಾಯೆಲ್. ಅವಳಿಗೆ ಗ್ರಂಥಾಲಯದಲ್ಲಿ ಕೆಲಸ ಸಿಗುತ್ತದೆ. ಗ್ರಂಥಾಲಯವೆಂದರೆ ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುತ್ತುತ್ತ ಇಳಿಯುವ ದಾರಿ. ಕೆಳಗಿನ ಕೋಣೆಗಳಲ್ಲಿ ಪುಸ್ತಕಗಳ ಜತೆ ಏನೇನೋ ಕೂಡಿಟ್ಟಿದ್ದಾರೆ. ಸಿಬ್ಬಂದಿಗೆ ದರ್ಜೆಗೊಂದು ಬಣ್ಣದ ವೇಸ್ಟ್‌ಕೋಟು, ಸೀಟಿ, ಚಾಕು, ಮತ್ತು ಅಪಾಯ ಬಂದರೆ ಸುದ್ದಿ ಮುಟ್ಟಿಸಲು ಕೀಲಿ ಕೊಟ್ಟರೆ ಓಡುವ ಒಂದು ಇಲಿ. ಪುಸ್ತಕ ಪ್ರಿಯರು ಆ ನೂರು ಪುಟಗಳಿಂದ ಹೊರಗೆ ಬರಲು ಮನಸ್ಸು ಮಾಡುವುದಿಲ್ಲ.

ಆದರೆ ಆ ಪುಸ್ತಕದಲ್ಲಿ ಶುರುವಾಗಿ 2003ರ ‘ಅಬ್ಹಾರ್ಸನ್’ನಲ್ಲಿ ಮುಗಿಯುವ ಇನ್ನೊಂದು ಎಳೆಯಿದೆ, ವಿಮರ್ಶಕರು ಅಷ್ಟಾಗಿ ಮಾತಾಡದ್ದು. ದಕ್ಷಿಣದ ಯಾವುದೋ ಯುದ್ಧದಿಂದ ಓಡಿಬಂದ ನಿರಾಶ್ರಿತರು ಏನ್ಸೆಲ್‌ಸ್ಟಿಯರ್‌ನಲ್ಲಿ ತುಂಬಿಕೊಂಡಿದ್ದಾರೆ. ‘ನಮ್ಮ ದೇಶ’ ಎಂಬ ಪಕ್ಷ ಕಟ್ಟಿದ ಕೊರೊಲಿನಿ ಎಂಬ ರಾಜಕಾರಣಿ ಅವರನ್ನು ಗೋಡೆಯಾಚೆ ಕಳಿಸಲು ಹೊರಟಿದ್ದಾನೆ. ಅಲ್ಲಿ ಜಮೀನು ಸಿಗುತ್ತದೆಂದು ಅವರಿಗೆ ನಂಬಿಸಲಾಗಿದೆ. ಗೋಡೆ ದಾಟಿದರೆ ಸಿಗುವುದು ಸಾವು. ಸತ್ತ ಮೇಲೆ ಪ್ರೇತಮಾಂತ್ರಿಕನ ಸೈನ್ಯದಲ್ಲಿ ಬಿಟ್ಟಿ ಚಾಕರಿ. ಸೇಬ್ರಿಯಲ್ ಈಗ ರಾಣಿ, ನಡುವಯಸ್ಸಿನವಳು. ಹೆಣಗಳನ್ನು ಗಂಟೆ ಬಾರಿಸಿ ಮಲಗಿಸಬಲ್ಲವಳು ದಕ್ಷಿಣದ ರಾಜಧಾನಿಗೆ ಹೋಗಿ ಮಂತ್ರಿಗಳ ಮುಂದೆ ಕೂತು ವಾದಿಸಬೇಕಾಗಿದೆ. ಅಲ್ಲಿ ಅವಳ ಮೇಲೆ ಬೀಳುವುದು ಪ್ರೇತವಲ್ಲ, ಬಾಂಬು.

2001ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಟಾಂಪಾ ಎಂಬ ನಾರ್ವೆಯ ಹಡಗು ಸಮುದ್ರದಿಂದ ಎತ್ತಿಕೊಂಡಿದ್ದ 433 ನಿರಾಶ್ರಿತರನ್ನು ತನ್ನ ದಡಕ್ಕೆ ಇಳಿಸಲು ಒಪ್ಪಲಿಲ್ಲ. ‘ಲಿರಾಯೆಲ್’ ಅದಕ್ಕೆ ಮೊದಲೇ ಬರೆದದ್ದು, ಒಂದನ್ನು ನೋಡಿ ಇನ್ನೊಂದು ಬರೆದದ್ದಲ್ಲ. ಆದರೆ ಎರಡು ವರ್ಷದ ಮೇಲೆ ‘ಅಬ್ಹಾರ್ಸನ್’ ಕೈಗೆತ್ತಿಕೊಂಡ ಸಿಡ್ನಿಯ ಹುಡುಗ ಹುಡುಗಿಯರಿಗೆ ಕೊರೊಲಿನಿಯ ಭಾಷಣ ತೀರ ಕಟ್ಟುಕತೆಯಾಗಿ ಕೇಳಿಸಿರಲಿಕ್ಕಿಲ್ಲ. ಹಳೆಯ ರಾಜ್ಯದ ಸತ್ತವರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ನಿಕ್ಸ್ ಮೊದಲ ಪುಸ್ತಕದಲ್ಲಿ ಮಂತ್ರದ ಉತ್ತರ ಕೊಟ್ಟಿದ್ದರು. ಮೂರನೆಯದರಲ್ಲಿ ಅದು ಸರ್ಕಾರಿ ಕಾಗದದ ಮೇಲೆ ಸಹಿಯಾಗಿ, ಲಾರಿಗಳಲ್ಲಿ ತುಂಬಿ ಬರುತ್ತದೆ.

ಸರಣಿ ಅಲ್ಲಿಗೂ ನಿಲ್ಲಲಿಲ್ಲ. ‘ಕ್ಲಾರಿಯೆಲ್’ (2014), ‘ಗೋಲ್ಡನ್‌ಹ್ಯಾಂಡ್’ (2016), ಸೇಬ್ರಿಯಲಳ ತಂದೆತಾಯಿಯ ಕತೆ ಹೇಳುವ ‘ಟೆರ್ಸಿಯೆಲ್ ಆ್ಯಂಡ್ ಎಲಿನಾರ್’ (2021) ಬಂದಿವೆ. ಕಾಲಕ್ರಮದಲ್ಲಿ ಕೊನೆಯದು ಮೊದಲನೆಯದಕ್ಕಿಂತ ಹಿಂದಿನದೆಂದು ಅಲ್ಲಿಂದ ಶುರುಮಾಡಲು ಹೋಗಬೇಡಿ. ಗಂಟೆಗಳು ಏನೆಂದು ತಿಳಿಯದವರಿಗೆ ಅಲ್ಲಿ ಅರ್ಧ ರುಚಿ ಸಿಗುವುದಿಲ್ಲ. ಬರೆದ ಕ್ರಮದಲ್ಲೇ ಮೊದಲ ಮೂರನ್ನು ಓದಿ. ಹದಿಮೂರು ದಾಟಿದ ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಕತ್ತಲಿಗೆ ಹೆದರುವವರಾದರೆ ಹಗಲು ಹೊತ್ತು ಓದಲಿ.